ನಡುನೋವು, ದುಡಿಮೆ ಮತ್ತು ಮನೆಯವರ ಹೊಣೆ

ಮಾಲೂರಿನ ಹೆಂಚು, ಇಟ್ಟಿಗೆ ಕಾರ್ಖಾನೆಗಳಲ್ಲಿ ಭಾರ ಹೊರುವವರು, ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸುಗಳನ್ನು ಎತ್ತಿಳಿಸುವವರು, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ದುಡಿಯುವವರು, ಮುಳಬಾಗಿಲು ಸೀಮೆಯ ಹೊಲಗಳಲ್ಲಿ ಬಗ್ಗಿ ಕಳೆ ತೆಗೆಯುವ ತಾಯಂದಿರು, ಇವರೆಲ್ಲರನ್ನೂ ಕಾಡುವ ಬಾಧೆ ನಡುನೋವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಈ ನೋವಿತ್ತು.

ಹೊಸದಾಗಿ ಬಂದ ನಡುನೋವು ಬಹುಪಾಲು ಕೆಲವೇ ವಾರಗಳಲ್ಲಿ ತಗ್ಗುತ್ತದೆ. ಆದರೂ ಒಂದೇ ಬಗೆಯ ನೋವುಳ್ಳ ಇಬ್ಬರಲ್ಲಿ ಒಬ್ಬರು ಬೇಗ ಕೆಲಸಕ್ಕೆ ಮರಳಿದರೆ, ಇನ್ನೊಬ್ಬರು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದುಂಟು. ಈ ಅಂತರಕ್ಕೆ ಕಾರಣ ಕೇವಲ ಬೆನ್ನುಮೂಳೆಯಲ್ಲಿಲ್ಲ. ನೋವಿನ ಭಯ, ಸಾಲದ ಚಿಂತೆ, ಕೆಲಸ ಕೈತಪ್ಪೀತೆಂಬ ಆತಂಕ, ಮನೆಯವರ ನಡೆನುಡಿ ಇವೂ ಸೇರಿಯೇ ಅಶಕ್ತತೆ ಬೆಳೆಯುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ಮೂಳೆತಜ್ಞ ಗಾರ್ಡನ್ ವಾಡೆಲ್ 1987ರಲ್ಲಿಯೇ ವಿವರಿಸಿದರು. ಹಾಗೆಂದು ನೋವು ಸುಳ್ಳಲ್ಲ, ಅದು ನಿಜವೇ.

ಕುಟುಂಬದಲ್ಲಿ ಎರಡು ಬಗೆಯ ತಪ್ಪುಗಳು ಸಾಮಾನ್ಯ. ಅಕ್ಕರೆಯಿಂದ "ನೀನು ಏಳಲೇಬೇಡ" ಎಂದು ನೀರಿನ ಲೋಟವನ್ನೂ ಕೈಗೆ ತಂದುಕೊಡುವುದು ಮೊದಲನೆಯದು. ಇದರಿಂದ ಮಾಂಸಖಂಡಗಳು ಸೊರಗಿ, ಭಯ ಬಲಿಯುತ್ತದೆ. "ನೆಪ ಹೇಳುತ್ತಾನೆ" ಎಂದು ಹಂಗಿಸುವುದು ಎರಡನೆಯದು. ಹಂಗಿಸಿಕೊಂಡವನಿಗೆ ತನ್ನ ನೋವನ್ನು ಸಾಬೀತುಪಡಿಸುವುದೇ ಕೆಲಸವಾಗುತ್ತದೆ.

ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳುತ್ತದೆ. ಪರಿಚಾರಕನಿಗೆ ಅನುರಾಗವೊಂದೇ ಸಾಲದು. ಉಪಚಾರದ ಅರಿವು, ದಕ್ಷತೆ, ಶುಚಿತ್ವಗಳೂ ಬೇಕು. ನಮ್ಮ ಮನೆಗಳಲ್ಲಿ ಆ ಪರಿಚಾರಕರು ಮಡದಿ, ಮಕ್ಕಳು, ಅತ್ತೆ ಮಾವಂದಿರೇ.

ಆದುದರಿಂದ ರೋಗಿಯನ್ನು ದಿನವೂ ಸ್ವಲ್ಪ ಸ್ವಲ್ಪ ನಡೆಸಿರಿ. ಹಸುವಿಗೆ ಮೇವು ಹಾಕುವುದು, ಸೊಪ್ಪು ಬಿಡಿಸುವುದು ಮುಂತಾದ ಹಗುರ ಕೆಲಸಗಳನ್ನು ಅವರಿಗೇ ಬಿಡಿರಿ. "ನೋವು ಎಷ್ಟಿದೆ?" ಎಂದು ಪದೇಪದೇ ಕೇಳುವ ಬದಲು "ಇಂದು ಎಷ್ಟು ದೂರ ನಡೆದಿರಿ?" ಎಂದು ವಿಚಾರಿಸಿರಿ. ಕೆಲವು ವಾರ ಹಗುರ ಕೆಲಸ ಕೊಡುವಂತೆ ಮೇಸ್ತ್ರಿಯವರನ್ನು ಕೋರಿರಿ. ಇಎಸ್ಐ ವ್ಯಾಪ್ತಿಯಲ್ಲಿರುವವರಿಗೆ ಕೆಲಸದ ವೇಳೆ ಪೆಟ್ಟಾಗಿ ತಾತ್ಕಾಲಿಕ ಅಶಕ್ತತೆ ಉಂಟಾದರೆ ಕೂಲಿಯ ಶೇ. 90ರಷ್ಟು ಪರಿಹಾರ ದೊರೆಯುತ್ತದೆ. ಅದನ್ನು ಪಡೆಯಲು ಸಂಕೋಚ ಬೇಡ. ಅಭ್ಯಂಗ, ಸ್ವೇದನಗಳನ್ನು ವೈದ್ಯರ ಸಲಹೆಯಂತೆ ಮಾಡಿಸಬಹುದು.

ಕಾಲುಗಳಲ್ಲಿ ಬಲ ಕುಂದುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ಜ್ವರ, ಬಿದ್ದ ಪೆಟ್ಟು ಇವು ಕಂಡರೆ ಮಾತ್ರ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.