ವೋಚರಿಗೆ ಸಹಿ ಬೇಕಾದರೆ ಮೊದಲು ಸ್ಕೋರ್ ನೋಡಿ

ನಾವು ಜಿದ್ದಾದಲ್ಲಿ ಲೆಕ್ಕ ಬರೆಯುವವರು. ನಮ್ಮ ಆಫೀಸಿನಲ್ಲಿ ದೊಡ್ಡ ಬಿಲ್ಲು ಪಾಸಾಗಬೇಕಾದರೆ ಇಬ್ಬರು ಮುದೀರರ ಸಹಿ ಬೇಕು. ಒಬ್ಬರು ಇತ್ತಿಹಾದ್ ಕ್ಲಬ್ಬಿನ ಕಡೆ, ಇನ್ನೊಬ್ಬರು ಅಹ್ಲಿ ಕಡೆ. ಹಾಗಾಗಿ ಪಂದ್ಯದ ಮರುದಿನ ಫೈಲು ಹಿಡಿದು ಒಳಗೆ ಹೋಗುವ ಮುಂಚೆ ನಾವು ಮೊಬೈಲಿನಲ್ಲಿ ಸ್ಕೋರ್ ನೋಡಿಕೊಳ್ಳುತ್ತೇವೆ. ನಗಬೇಡಿ, ಅನುಭವದಿಂದ ಹೇಳ್ತಿದ್ದೇವೆ.

ಊರಿಗೆ ಫೋನ್ ಮಾಡಿದರೆ ಮಕ್ಕಳದ್ದು ಒಂದೇ ಪ್ರಶ್ನೆ, "ರೊನಾಲ್ಡೊನ ನೋಡಿದ್ರಾ?" ಅವನು ರಿಯಾದಿನ ನಸ್ರ್ ಸೇರಿದ 2022ರ ಡಿಸೆಂಬರಿನಿಂದಲೇ ಸೌದಿ ಫುಟ್‌ಬಾಲ್ ಶುರುವಾಯಿತು ಅಂತ ಅವರ ಲೆಕ್ಕ. ನಮ್ಮ ರೂಮಿನ ಕಾರವಾರದವರ ಮಗ 2025ರ ಅಕ್ಟೋಬರಿನಲ್ಲಿ ನಸ್ರ್ ತಂಡ ಎಫ್‌ಸಿ ಗೋವಾ ಎದುರು ಆಡಲು ಬಂದಾಗ ಮಡಗಾಂವ್‌ಗೆ ಹೋಗಿದ್ದ. ತಂಡ ಬಂತು, ರೊನಾಲ್ಡೊ ಬರಲಿಲ್ಲ! ನಸ್ರ್ 2-1ರಿಂದ ಗೆದ್ದಿತು. ಆದರೂ ಗೋವಾದ ಬ್ರೈಸನ್ ಫರ್ನಾಂಡಿಸ್ ಹೊಡೆದ ಗೋಲನ್ನು ಹುಡುಗ ಇವತ್ತಿಗೂ ವರ್ಣಿಸುತ್ತಾನೆ.

ನಿಜ ಹೇಳಬೇಕೆಂದರೆ ಇಲ್ಲಿನ ಕ್ಲಬ್ಬುಗಳು ಬಹಳ ಹಳೆಯವು. ಇತ್ತಿಹಾದ್ ಹುಟ್ಟಿದ್ದು 1927ರಲ್ಲಿ. ಸೌದಿ ಅರೇಬಿಯಾ ಅನ್ನುವ ಹೆಸರೇ ಬಂದದ್ದು 1932ರಲ್ಲಿ! ಅಹ್ಲಿ 1937ರದ್ದು. ರಿಯಾದಿನ ನಸ್ರ್ ಮತ್ತು ಹಿಲಾಲ್ ಐವತ್ತರ ದಶಕದವು. 2004ರ ಏಷ್ಯಾ ಚಾಂಪಿಯನ್ಸ್ ಲೀಗ್ ಫೈನಲಿನ ಕಥೆಯನ್ನು ಇತ್ತಿಹಾದ್ ಮುದೀರ್ ನಮಗೆ ಕಡಿಮೆಯೆಂದರೂ ಹತ್ತು ಸಲ ಹೇಳಿದ್ದಾರೆ. ಮನೆಯಂಗಳದಲ್ಲೇ ಕೊರಿಯಾದ ಸಿಯೋಂಗ್ನಮ್ ಎದುರು 1-3 ಸೋಲು. ಎಲ್ಲ ಮುಗಿಯಿತು ಅಂದುಕೊಂಡಿದ್ದಾಗ ಕೊರಿಯಾಕ್ಕೆ ಹೋಗಿ 5-0 ಗೆದ್ದರು. ಮರುವರ್ಷವೂ ಕಪ್ ಅವರದ್ದೇ.

ಆದರೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಅಹ್ಲಿ. 2022ರ ಜೂನ್ ಕೊನೆಯಲ್ಲಿ, ಕೊನೆಯ ದಿನದ ಪಂದ್ಯ ಶಬಾಬ್ ಜೊತೆ 0-0 ಡ್ರಾ ಆಗಿ, ಇಷ್ಟು ದೊಡ್ಡ ಕ್ಲಬ್ಬು ಚರಿತ್ರೆಯಲ್ಲೇ ಮೊದಲ ಸಲ ಕೆಳಗಿನ ದರ್ಜೆಗೆ ಬಿತ್ತು. ಮರುದಿನ ಅಹ್ಲಿ ಮುದೀರ್ ಆಫೀಸಿಗೇ ಬರಲಿಲ್ಲ. ಅದರ ಮರುದಿನ ಬಂದರು, ಯಾರೂ ಮಾತಾಡಿಸಲಿಲ್ಲ. ಸದಾ ಚುಡಾಯಿಸುವ ಇತ್ತಿಹಾದ್ ಮುದೀರೇ ಅವರ ಮೇಜಿಗೆ ಗಾವಾ ತಂದಿಟ್ಟು ಸುಮ್ಮನೆ ಹೋದರು. ಒಂದು ವರ್ಷ ಕೆಳಗೆ ಆಡಿ, ಅಲ್ಲಿ ಮೊದಲ ಸ್ಥಾನ ಗೆದ್ದು ಅಹ್ಲಿ ವಾಪಸ್ ಬಂತು.

ಅಷ್ಟರಲ್ಲಿ ಹಣ ಬಂದಿತ್ತು. 2023ರ ಜೂನ್‌ನಲ್ಲಿ ಸರ್ಕಾರದ ಹೂಡಿಕೆ ನಿಧಿ ಈ ನಾಲ್ಕೂ ಕ್ಲಬ್ಬುಗಳಲ್ಲಿ ತಲಾ ಶೇ. 75 ಪಾಲು ತೆಗೆದುಕೊಂಡಿತು. ಇತ್ತಿಹಾದಿಗೆ ಬೆಂಜೆಮಾ, ಅಹ್ಲಿಗೆ ಮಹ್ರೇಝ್, ಹಿಲಾಲಿಗೆ ನೇಮಾರ್. ಲೆಕ್ಕದವರ ಕಣ್ಣಿಗೆ ನೇಮಾರ್ ಕೇಸು ದೊಡ್ಡ ತಲೆನೋವು. ಮಂಡಿ ಪೆಟ್ಟಾಗಿ, 2025ರ ಜನವರಿಯಲ್ಲಿ ಹೊರಡುವವರೆಗೆ ಆಡಿದ್ದು ಏಳೇ ಪಂದ್ಯ. ಪಂದ್ಯಕ್ಕೆ ಎಷ್ಟು ಬಿತ್ತು ಅಂತ ಭಾಗಿಸಲು ಹೋಗಬೇಡಿ, ಊಟ ಸೇರುವುದಿಲ್ಲ. ಆದರೆ ಅವನಿಲ್ಲದೆಯೇ ಹಿಲಾಲ್ 2023-24ರ ಲೀಗಿನಲ್ಲಿ 34ಕ್ಕೆ 31 ಗೆದ್ದು, ಒಂದೂ ಸೋಲದೆ ಚಾಂಪಿಯನ್ ಆಯಿತು. ಬೆಂಜೆಮಾ ಬರುವ ಮುಂಚಿನ ವರ್ಷದ ಲೀಗ್ ಗೆದ್ದದ್ದು ಅದೇ ಇತ್ತಿಹಾದ್. ಅದಕ್ಕೇ ಎಲ್ಲವನ್ನೂ ಹಣದ ಖಾತೆಗೆ ಬರೆಯಲು ನಮಗೆ ಮನಸ್ಸಿಲ್ಲ. ಲೀಗಿನಲ್ಲಿ 18 ಕ್ಲಬ್ಬುಗಳಿವೆ, ಉಳಿದ ಹದಿನಾಲ್ಕರ ಪಾಡು ಏನು ಅನ್ನುವ ಪ್ರಶ್ನೆ ಮಾತ್ರ ಇದ್ದೇ ಇದೆ.

ಇನ್ನು ನಮ್ಮ ವಿಷಯಕ್ಕೆ ಬರೋಣ. ಡ್ರೈವರುಗಳ ಓವರ್‌ಟೈಮ್ ಬಿಲ್ಲು ಮೂರು ತಿಂಗಳಿಂದ ಬಾಕಿ ಬಿದ್ದಿತ್ತು. ದಿನಾ ಸಂಜೆ ಅವರು ನಮ್ಮ ರೂಮಿನ ಬಾಗಿಲಿಗೆ ಬಂದು "ಏನಾಯ್ತು ಅಣ್ಣಾ?" ಅಂತ ಕೇಳುವುದು, ನಾವು ತಲೆ ತಗ್ಗಿಸುವುದು. 2025ರ ಮೇ 3ರ ರಾತ್ರಿ ಜಿದ್ದಾದಲ್ಲೇ ಜಪಾನಿನ ಕವಾಸಾಕಿ ತಂಡವನ್ನು 2-0ಯಿಂದ ಸೋಲಿಸಿ ಅಹ್ಲಿ ಮೊದಲ ಸಲ ಏಷ್ಯಾ ಚಾಂಪಿಯನ್ ಆಯಿತು. ಮರುದಿನ ಭಾನುವಾರ, ಕೆಲಸದ ದಿನ. ಹಸಿರು ಮಫ್ಲರ್ ಸುತ್ತಿಕೊಂಡೇ ಬಂದ ಮುದೀರ್ ಎಲ್ಲರಿಗೂ ಖರ್ಜೂರ ಹಂಚಿದರು. ಎಲ್ಲ ಸರ್ಕಾರದ ಹಣದ ಗೆಲುವಲ್ಲವಾ ಅಂತ ನಮ್ಮಲ್ಲೊಬ್ಬರು ಮೆಲ್ಲಗೆ ಕೇಳಿದರು. "ಬಿದ್ದ ವರ್ಷ ಹಣ ಎಲ್ಲಿತ್ತು? ನಾನಿದ್ದೆ" ಅಂದರು. ನಾವು ತಡಮಾಡದೆ ಓವರ್‌ಟೈಮ್ ಫೈಲು ಮುಂದಿಟ್ಟೆವು. ಓದದೆ ಸಹಿ ಹಾಕಿದರು.

ಎರಡನೇ ಸಹಿಗೆ ಇತ್ತಿಹಾದ್ ಮುದೀರ್ ಬಳಿ ಹೋದರೆ ಮುಖ ಗಂಟು, "ಬುಕ್ರಾ" ಅಂದರು. ಬುಕ್ರಾ ಅಂದರೆ ನಿಮಗೆ ಗೊತ್ತಲ್ಲ, ನಾಳೆ! ಆ ನಾಳೆ ಹತ್ತು ದಿನ ಎಳೆಯಿತು. ಮೇ 15, ಗುರುವಾರ, ಇತ್ತಿಹಾದ್ ರಾಇದ್ ತಂಡವನ್ನು 3-1ರಿಂದ ಸೋಲಿಸಿ ಲೀಗ್ ಗೆದ್ದಿತು. ವಾರದ ರಜೆ ಮುಗಿದ ಮೊದಲ ದಿನ, ಬೆಳಗ್ಗೆ ಎಂಟಕ್ಕೇ ಫೈಲು ಹಿಡಿದು ಅವರ ಬಾಗಿಲಲ್ಲಿ ನಿಂತಿದ್ದೆವು.