ಹೊಳೆ ದಾಟಿದ ಮೇಲೆ

‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಎಂಬ ಗಾದೆ ನಮ್ಮಲ್ಲಿ ಮನೆಮಾತಾಗಿದೆ. ಉಪಕಾರವನ್ನು ಮರೆಯುವವರನ್ನು ಚುಚ್ಚಲೆಂದು ಹುಟ್ಟಿದ ಮಾತು ಇದು. ಆದರೆ ಹೊಳೆ ದಾಟಿದ ಮೇಲೆ ನಾವು ಮರೆಯುವುದು ಅಂಬಿಗನ ಉಪಕಾರವನ್ನಷ್ಟೇ ಅಲ್ಲ, ಅವನ ಅರಿವನ್ನೂ ಮರೆಯುತ್ತೇವೆ. ಇದು ನನಗೆ ತಿಳಿದದ್ದು ತಡವಾಗಿ. ಆ ತಡವಾದ ತಿಳಿವಳಿಕೆಯನ್ನೇ ಈ ಹೊತ್ತು ತಮ್ಮ ಮುಂದಿಡುತ್ತೇನೆ.

ನಾನು ಅಧ್ಯಾಪಕನಾದ ಮೊದಲ ವರ್ಷಗಳ ಮಾತು. ಅಂಬಿಗರ ಚೌಡಯ್ಯನ ವಚನಗಳನ್ನು ಪಾಠ ಹೇಳುತ್ತಿದ್ದೆ. 12ನೆಯ ಶತಮಾನದ ಈ ಶರಣನ ನೆನಪನ್ನು ಜನ ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರದೊಡನೆ ಜೋಡಿಸುತ್ತಾರೆ. ತುಂಗಭದ್ರೆಯ ಆಚೆ ದಂಡೆಯ ಊರು ಅದು. ಈಚೆ ದಂಡೆಯಲ್ಲಿ ನಮ್ಮ ಕುರುವತ್ತಿ, ಮೈಲಾರ, ಇನ್ನೂ ಮೇಲಕ್ಕೆ ಹರಪನಹಳ್ಳಿ ತಾಲ್ಲೂಕಿನ ಹಲವಾಗಲು. ಬಹುಪಾಲು ಶರಣರು ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ಚೌಡಯ್ಯ ತನ್ನ ಕಸುಬನ್ನೂ ಹೆಸರನ್ನೂ ಕೂಡಿಸಿ ಅಂಕಿತ ಮಾಡಿಕೊಂಡ. ಇದನ್ನೆಲ್ಲ ವಿವರಿಸಿ, ಭವವೆಂಬ ಹೊಳೆ, ದೇಹವೆಂಬ ಹರಿಗೋಲು ಎಂದು ರೂಪಕವನ್ನು ಬಿಡಿಸುತ್ತ, ‘ಅಂಬಿಗ ಹಿಂದೆ ಕುಳಿತು ಹುಟ್ಟಿನಿಂದ ಹರಿಗೋಲನ್ನು ಮುಂದಕ್ಕೆ ತಳ್ಳುವಂತೆ’ ಎಂದೆ. ಕೊನೆಯ ಬೆಂಚಿನಲ್ಲಿದ್ದ ಹಲವಾಗಲಿನ ಕಡೆಯ ಹುಡುಗನೊಬ್ಬ ಎದ್ದು ನಿಂತ. ‘ಹಿಂದಿಂದ ತಳ್ಳಾಕ ಅದೇನು ತಳ್ಳುಗಾಡಿ ಅಲ್ರಿ ಸರ್. ಮುಂದ ಕುಂತು ನೀರನ್ನ ತನ್ನ ಕಡೆ ಎಳಕೋಬೇಕು’ ಎಂದ. ತರಗತಿ ನಕ್ಕಿತು. ನಾನೂ ನಕ್ಕು ಪಾಠ ಮುಂದುವರಿಸಿದೆ. ಅವನನ್ನು ನಿಲ್ಲಿಸಿ ‘ಏಕೆ?’ ಎಂದು ಕೇಳುವ ವಿವೇಕ ಆಗ ಬರಲಿಲ್ಲ.

ಕೇಳಬೇಕಿತ್ತು. ಹರಿಗೋಲಿಗೆ ಮುಂದು ಹಿಂದುಗಳಿಲ್ಲ. ಅದೊಂದು ದೊಡ್ಡ ಬುಟ್ಟಿ. ಬಿದಿರನ್ನು ಸೀಳಿ ದಬ್ಬೆಗಳನ್ನಾಗಿಸಿ, ನೆಲದ ಮೇಲೆ ನಡುವಿನಿಂದ ಹೆಣೆಯತೊಡಗುತ್ತಾರೆ. ತಳ ಸಿದ್ಧವಾದ ಮೇಲೆ ಅದರ ಮೇಲೆ ಕಲ್ಲು ಹೇರಿ, ಹಸಿ ದಬ್ಬೆಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ ಗೋಡೆ ಎಬ್ಬಿಸುತ್ತಾರೆ. ಅಂಚನ್ನು ದಪ್ಪವಾಗಿ ಸುತ್ತಿ ಬಿಗಿಯುತ್ತಾರೆ. ಹೊರಗೆ ಹಿಂದೆ ತೊಗಲಿನ ಹೊದಿಕೆ ಇತ್ತು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಟಾರು. ತಳ ಚಪ್ಪಟೆಯಾದ್ದರಿಂದ ಮೊಳದುದ್ದ ನೀರಿದ್ದರೂ ತೇಲುತ್ತದೆ. ಬಂಡೆಗೆ ತಾಗಿದರೆ ಒಡೆಯದೆ ಬಳುಕಿ ಸರಿದುಕೊಳ್ಳುತ್ತದೆ. ಚಿಕ್ಕದಾದರೆ ಒಬ್ಬನೇ ತಲೆಯ ಮೇಲೆ ಹೊತ್ತು ಒಯ್ಯಬಲ್ಲ. ಬಂಡೆಗಳ ನಡುವೆ ಬೇಸಿಗೆಯಲ್ಲಿ ಸೊರಗಿ, ಮಳೆಗಾಲದಲ್ಲಿ ಉಕ್ಕುವ ತುಂಗಭದ್ರೆಗೆ ಇದಕ್ಕಿಂತ ತಕ್ಕ ವಾಹನವನ್ನು ಊಹಿಸುವುದು ಕಷ್ಟ.

ಆದರೆ ಅದರ ಗುಣವೇ ಅದರ ತೊಡಕು. ದುಂಡಗಿನ ಬುಟ್ಟಿಯನ್ನು ಹಿಂದಿನಿಂದ ತಳ್ಳಿದರೆ ಅದು ಗಿರಕಿ ಹೊಡೆಯುತ್ತದೆ. ಅಂಬಿಗ ಹೋಗಬೇಕಾದ ದಿಕ್ಕಿಗೆ ಮುಖಮಾಡಿ, ಹುಟ್ಟನ್ನು ಮುಂದೆ ಚಾಚಿ ನೀರನ್ನು ತನ್ನತ್ತ ಎಳೆದುಕೊಂಡಾಗ ಹರಿಗೋಲು ಕೈಹಿಡಿದ ಮಗುವಿನಂತೆ ಹಿಂಬಾಲಿಸುತ್ತದೆ. ಹೊಳೆ ತುಂಬಿದಾಗ ಅವನು ನೇರವಾಗಿ ದಾಟಲಾರ. ದಂಡೆಯ ಗುಂಟ ಮೇಲಕ್ಕೆ ಒಯ್ದು, ಅಲ್ಲಿಂದ ಬಿಟ್ಟು, ಸೆಳವು ತನ್ನನ್ನು ಎಲ್ಲಿಗೆ ಇಳಿಸುವುದೆಂದು ಮೊದಲೇ ಲೆಕ್ಕ ಹಾಕುತ್ತಾನೆ. ಈ ಲೆಕ್ಕ ಯಾವ ಕಾಗದದ ಮೇಲೂ ಇಲ್ಲ. ಮೂವತ್ತು ವರ್ಷ ಚೌಡಯ್ಯನನ್ನು ಬೋಧಿಸಿದ ನನ್ನ ತಲೆಯಲ್ಲೂ ಇರಲಿಲ್ಲ.

ಹೊರಗಿನಿಂದ ಬಂದವರು ಇದನ್ನು ನಮಗಿಂತ ಕುತೂಹಲದಿಂದ ಕಂಡರು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಕಡೆಗೆ ದಾಟಿಸುವ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ. ತಿರುಗುತ್ತ ತಿರುಗುತ್ತ ಸಾಗುತ್ತವೆ ಎಂದು ಅವನು ಬರೆದಿಟ್ಟ. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿ ತನ್ನ ದಂಡನ್ನು ತುಂಬಿದ ನದಿಗಳಾಚೆ ಸಾಗಿಸಲು ಇಂಥ ಬುಟ್ಟಿದೋಣಿಗಳನ್ನೇ ಮಾಡಿಸಿದ.

ಇದೇ ಬಗೆಯ ಅರಿವನ್ನೇ ನಂಬಿ ಬದುಕಿದ ಜನರು ದೂರದ ಪೆಸಿಫಿಕ್ ಸಾಗರದಲ್ಲಿದ್ದಾರೆ. ಮೈಕ್ರೊನೇಷ್ಯಾ ಎಂದರೆ ‘ಕಿರುದ್ವೀಪಗಳ ನಾಡು’. ಅಲ್ಲಿಯವರು ದೀವಿಹಲಸಿನ ಮರವನ್ನು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಬಿಗಿದು, ಒಂದು ಮಗ್ಗುಲಿಗೆ ತೇಲುಮರ ಕಟ್ಟಿ ದೋಣಿ ಮಾಡುತ್ತಾರೆ. ಹಾಯಿಯನ್ನು ಹಿಂದೆ ನಮ್ಮ ಕೇದಗೆಯ ಕುಲದ ಗಿಡವೊಂದರ ಗರಿಗಳಿಂದ ಹೆಣೆಯುತ್ತಿದ್ದರು. ಮಾರ್ಷಲ್ ದ್ವೀಪಗಳ ನಾವಿಕರು ತೆಂಗಿನ ಗರಿಯ ಕಡ್ಡಿಗಳನ್ನು ಕಟ್ಟಿ, ನಡುವೆ ಕವಡೆಗಳನ್ನು ಕೂಡಿಸಿ ಒಂದು ಬಗೆಯ ನಕ್ಷೆ ಮಾಡುತ್ತಿದ್ದರು. ಕವಡೆ ದ್ವೀಪ, ಬಾಗಿದ ಕಡ್ಡಿ, ದ್ವೀಪಕ್ಕೆ ತಾಗಿ ತಿರುಗುವ ಅಲೆ. ಅದನ್ನು ಕಡಲಿಗೆ ಒಯ್ಯುತ್ತಿರಲಿಲ್ಲ. ದಡದಲ್ಲೇ ಕಲಿತು, ದಡದಲ್ಲೇ ಬಿಟ್ಟು ಹೋಗುತ್ತಿದ್ದರು. ಯಾಪ್ ದ್ವೀಪದವರು ನೂರಾರು ಮೈಲಿ ದೂರದ ಪಲಾವಿನಲ್ಲಿ ದುಂಡುಕಲ್ಲುಗಳನ್ನು ಕಡಿದು, ಕಡಲು ದಾಟಿಸಿ ತಂದು ಹಣವಾಗಿ ಬಳಸಿದರು. ಆ ಕಲ್ಲಿನ ಬೆಲೆ ಗಾತ್ರದಿಂದಷ್ಟೇ ಬರುತ್ತಿರಲಿಲ್ಲ. ಅದನ್ನು ದಾಟಿಸಿ ತಂದ ಕಷ್ಟದ ಕಥೆಯೂ ಬೆಲೆಗೆ ಸೇರುತ್ತಿತ್ತು. ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉತ್ತರ ಉಂಟೆ?

ಆ ನಾಡಿನ ಸಟವಾಲ್ ಒಂದೂವರೆ ಚದರ ಕಿಲೋಮೀಟರಿಗೂ ಕಡಿಮೆಯಾದ ದ್ವೀಪ. ಮೌ ಪಿಯಾಯ್ಲಗ್ (1932–2010) ಅಲ್ಲಿಯ ನಾವಿಕ. ನಕ್ಷತ್ರಗಳು ಮೂಡುವ ಮುಳುಗುವ ನೆಲೆಗಳನ್ನೂ ಅಲೆಗಳ ಬಡಿತವನ್ನೂ ಬಾಲ್ಯದಿಂದ ಕಲಿತವನು. ಹವಾಯಿಯ ಜನ ಪೂರ್ವಿಕರ ಕಡಲವಿದ್ಯೆಯನ್ನು ಕಳೆದುಕೊಂಡಿದ್ದರು. ಅವರು ಕಟ್ಟಿದ ‘ಹೊಕುಲೆಅ’ ಎಂಬ ಜೋಡಿದೋಣಿಯನ್ನು 1976ರಲ್ಲಿ ಈತ ಯಾವ ಉಪಕರಣವೂ ಇಲ್ಲದೆ ಹವಾಯಿಯಿಂದ ತಹೀತಿಗೆ, ಸುಮಾರು ನಾಲ್ಕು ಸಾವಿರ ಕಿಲೋಮೀಟರು, ಮುಟ್ಟಿಸಿದ. ಈ ವಿದ್ಯೆ ಮನೆತನದೊಳಗೆ ಉಳಿಯಬೇಕಾದ ಗುಟ್ಟು. ಹೊರಗಿನವರಿಗೆ ಕಲಿಸಿದ್ದಕ್ಕೆ ತನ್ನವರಿಂದಲೇ ಆಕ್ಷೇಪ ಬಂತು. ಆದರೆ ತನ್ನ ದ್ವೀಪದ ಹುಡುಗರು ಕಲಿಯಲು ಬರುತ್ತಿಲ್ಲವೆಂದು ಅವನು ಕಂಡಿದ್ದ. 2007ರಲ್ಲಿ ಆ ಹೊರಗಿನವರಲ್ಲಿ ಕೆಲವರಿಗೆ ಸಟವಾಲಿನಲ್ಲೇ ನಾವಿಕ ದೀಕ್ಷೆ ಕೊಟ್ಟ. 2021ರಲ್ಲಿ ಯುನೆಸ್ಕೊ ಸಂಸ್ಥೆ ಈ ದಾರಿಯರಿವನ್ನೂ ದೋಣಿಗೆಲಸವನ್ನೂ ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ನಮ್ಮ ಹರಿಗೋಲು ಅಳಿದಿಲ್ಲ. ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಮೀನುಗಾರರು ಅದನ್ನು ನಡೆಸುತ್ತಾರೆ. ಹಂಪಿಯ ಬಳಿಯ ಸಾಣಾಪುರದಲ್ಲಿ ಪ್ರವಾಸಿಗರು ಅದರಲ್ಲಿ ಕುಳಿತು ಗಿರಗಿರನೆ ತಿರುಗಿ ಸಂತೋಷಪಡುತ್ತಾರೆ. ತಿರುಗದಂತೆ ನಡೆಸುವುದೇ ಅಂಬಿಗನ ವಿದ್ಯೆ. ಇಂದು ಬೇಡಿಕೆ ಇರುವುದು ತಿರುಗಿಸುವುದಕ್ಕೆ! ಸೇತುವೆಗಳು ಬೇಕು, ತುಂಬಿದ ಹೊಳೆಯಲ್ಲಿ ಬಸುರಿಯನ್ನು ದಾಟಿಸಬೇಕಾದವರ ಆತಂಕ ಬಲ್ಲ ಯಾರೂ ಸೇತುವೆ ಬೇಡವೆನ್ನಲಾರರು. ಆದರೆ ಸೇತುವೆಯ ಮೇಲೆ ಹೋಗುವವನಿಗೆ ಹೊಳೆಯ ಮಾತು ಕೇಳಿಸದು.

ನಿವೃತ್ತನಾದ ಮೇಲೆ ಆ ಹಳೆಯ ವಿದ್ಯಾರ್ಥಿಯನ್ನು ಹುಡುಕಿಕೊಂಡು ಹೋದೆ. ಅವನು ಈಗ ತಾನೂ ಮೇಷ್ಟರು. ಹೊಳೆಸಾಲಿನಲ್ಲಿ ದಬ್ಬೆ ಹೆಣೆಯುತ್ತಿದ್ದ ತನ್ನ ದೊಡ್ಡಪ್ಪನ ಬಳಿಗೆ ಕರೆದೊಯ್ದ. ಕಸುಬಿನ ಒಂದೊಂದು ಮಾತನ್ನೂ ನಾನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಹಿರಿಯರು ಬಹಳ ಹೊತ್ತು ನೋಡಿ, ‘ಬರಕೊಂಡು ಏನು ಮಾಡ್ತೀರಿ ಮಾಸ್ತರೇ?’ ಎಂದರು. ‘ಮರೆತುಹೋಗದಿರಲಿ ಅಂತ, ಯಜಮಾನರೇ’ ಎಂದೆ. ‘ನನ್ನ ಹುಡುಗ್ರು ದುಡಿಯಾಕ ಬೆಂಗಳೂರಿಗೆ ಹೋದ್ರು. ನೀವಾದ್ರೂ ಕಲೀರಿ’ ಎಂದು ಪುಸ್ತಕವನ್ನು ಪಕ್ಕಕ್ಕಿರಿಸಿ ಹುಟ್ಟನ್ನು ನನ್ನ ಕೈಗೆ ಕೊಟ್ಟರು.

ಮುಂದೆ ಕುಳಿತು ನೀರನ್ನು ನನ್ನತ್ತ ಎಳೆದುಕೊಂಡೆ. ಹರಿಗೋಲು ಇದ್ದಲ್ಲೇ ಮೂರು ಸುತ್ತು ತಿರುಗಿತು. ದಂಡೆಯ ಮೇಲೆ ನಿಂತ ನನ್ನ ವಿದ್ಯಾರ್ಥಿ ನಗಲಿಲ್ಲ. ಹಿರಿಯರು, ‘ಆತು, ನಾಳೆ ಮತ್ತ ಬರ್ರಿ’ ಎಂದರು. ಮರುದಿನ ಹೋದೆ.