ಬೇಲಿಯ ದಾಸವಾಳ, ಗೋಲಿಯ ನೊರೆ

ಬಿಸಿಲು ಇನ್ನೂ ಹೆಂಚಿಗೆ ತಾಗಿಲ್ಲ. ಬೇಲಿಯ ದಾಸವಾಳಗಳು ಆಗಷ್ಟೇ ಬಿರಿದಿವೆ. ಐದೆಸಳಿನ ಕೆಂಪು, ನಡುವೆ ಉದ್ದಕ್ಕೆ ಚಾಚಿದ ಕೇಸರದ ಕಡ್ಡಿ, ಅದರ ತುದಿಯಲ್ಲಿ ಮುಟ್ಟಿದರೆ ಬೆರಳಿಗೆ ಮೆತ್ತುವ ಹಳದಿ ಧೂಳು. ಚಾಮರಾಜನಗರದ ಕಡೆಗೆ ಹೊರಟ ರೈಲು ನಂಜನಗೂಡಿನ ಬಳಿಯ ಈ ಬದನವಾಳನ್ನು ದಾಟಿದ ಸದ್ದು ಹೊಲಗಳ ಮೇಲಿಂದ ಬಂದು ಹೋಗುತ್ತದೆ. ಮನೆಯಾಕೆ ಮಡಿಲು ಕಟ್ಟಿಕೊಂಡು ಹೂ ಬಿಡಿಸುತ್ತಿದ್ದಾಳೆ. ಒಂದಿಷ್ಟು ದೇವರ ಪಟಕ್ಕೆ, ಮಿಕ್ಕಿದ್ದೆಲ್ಲ ಪಾನಕಕ್ಕೆ. ದಾಸವಾಳ ಒಂದೇ ದಿನದ ಹೂ, ಸಂಜೆಗೆ ಮುದುಡಿಬಿಡುತ್ತದೆ. ಅದರ ಬಣ್ಣ ಬೇಕಾದವರು ಬೆಳಿಗ್ಗೆಯೇ ಏಳಬೇಕು.

ಮೊರದಲ್ಲಿ ಹರಡಿದ ಹೂಗಳಿಂದ ಇರುವೆಗಳು ಹೊರಬಿದ್ದು ದಿಕ್ಕಾಪಾಲಾಗುತ್ತವೆ. ತೊಟ್ಟು, ಬುಡದ ಹಸಿರು ಬಟ್ಟಲು, ಕೇಸರ ಎಲ್ಲ ಕಿತ್ತು ಪಕ್ಕಕ್ಕೆ. ತಪ್ಪಲೆಯಲ್ಲಿ ಉಳಿಯುವುದು ಎಸಳು ಮಾತ್ರ. ಇಪ್ಪತ್ತು ಹೂವಿಗೆ ಎರಡು ಲೋಟ ನೀರು. ನೀರು ಕುದಿದ ಮೇಲೆ ಒಲೆಯಿಂದ ಇಳಿಸಿ ಎಸಳಿನ ಮೇಲೆ ಸುರಿದು ಮುಚ್ಚಳ ಹಾಕಬೇಕು. ಒಲೆಯ ಮೇಲಿಟ್ಟು ಕುದಿಸಿದರೆ ಲೋಳೆ ಬಿಡುತ್ತದೆ, ಪಾನಕ ನಾರುನಾರಾಗಿ ಇಳಿಯುತ್ತದೆ. ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದರೆ ಎಸಳುಗಳು ಬಿಳಿಚಿಕೊಂಡಿರುತ್ತವೆ, ನೀರು ಕೆಂಪಾಗಿರುವುದಿಲ್ಲ. ಮಂಕು ನೇರಳೆ, ಮಳೆಗಾಲದ ಮೋಡದ ಬಣ್ಣ. ಮೊದಲ ಸಲ ನೋಡುವವರ ಮುಖ ಸಪ್ಪಗಾಗುವುದು ಇಲ್ಲಿಯೇ.

ಹಳೆಯ ಖಾದಿ ಪಂಚೆಯ ತುಂಡಿನಲ್ಲಿ ಅದನ್ನು ಸೋಸುತ್ತಾಳೆ. ಕೈಯಲ್ಲಿ ನೂತ ನೂಲಿನ ಬಟ್ಟೆ, ತೊಳೆದು ತೊಳೆದು ಮೆತ್ತಗಾದದ್ದು. ಲೋಳೆಯನ್ನು ಹಿಡಿದುಕೊಂಡು ನೀರನ್ನಷ್ಟೇ ಬಿಡುತ್ತದೆ. ಸೋಸಿದ್ದಕ್ಕೆ ಒಂದು ಲೋಟ ಸಕ್ಕರೆ. ಬೆಲ್ಲವೇ ಹಾಕಬೇಕೆಂಬ ಆಸೆ ನನಗೂ ಇದೆ, ಆದರೆ ಬೆಲ್ಲ ಬಿದ್ದರೆ ಬಣ್ಣ ಕಪ್ಪಿಡುತ್ತದೆ. ಸಕ್ಕರೆ ಕರಗಿ ಪಾಕ ತಣ್ಣಗಾದ ಮೇಲೆ ನಿಂಬೆಹಣ್ಣು. ಮಕ್ಕಳನ್ನು ಕರೆದು ಹತ್ತಿರ ಕೂರಿಸಿಕೊಂಡೇ ಹಿಂಡಬೇಕು. ಹುಳಿ ಬಿದ್ದ ಜಾಗದಿಂದ ನೇರಳೆ ಒಡೆದು ಕೆಂಪು ಹರಡುತ್ತದೆ, ಒಂದು ಸುತ್ತು ಚಮಚ ಆಡಿಸುವುದರೊಳಗೆ ತಪ್ಪಲೆ ಪೂರ್ತಿ ಮಾಣಿಕ್ಯ. ಎಸಳಿನಲ್ಲಿರುವ ಆಂಥೋಸಯನಿನ್ ಎಂಬ ಬಣ್ಣದ ಗುಣ ಇದು. ಹುಳಿ ಕಂಡರೆ ಕೆಂಪೇರುತ್ತದೆ.

ಬಣ್ಣವೇನೋ ಬಂತು. ದಾಸವಾಳಕ್ಕೆ ಪರಿಮಳವಿಲ್ಲ. ಅದಕ್ಕೆಂದು ಹಿಂದಿನ ಸಂಜೆಯೇ ಇನ್ನೊಂದು ಕೆಲಸ ಮುಗಿದಿರುತ್ತದೆ. ಹಿತ್ತಲ ಮಲ್ಲಿಗೆಯ ಬಿಳಿ ಮೊಗ್ಗುಗಳನ್ನು ಕತ್ತಲಾಗುವ ಮುಂಚೆ ಕಿತ್ತು, ತಣ್ಣೀರು ತುಂಬಿದ ಅಗಲ ಪಾತ್ರೆಯಲ್ಲಿ ತೇಲಿಬಿಟ್ಟು ಮುಚ್ಚಿಡುವುದು. ಮೊಗ್ಗು ನೀರಿನ ಮೇಲೆಯೇ ಅರಳಿ ರಾತ್ರಿಯಿಡೀ ತನ್ನ ಕಂಪನ್ನು ಅದಕ್ಕೆ ಬಿಟ್ಟುಕೊಡುತ್ತದೆ. ಮಲ್ಲಿಗೆಗೆ ಬೆಂಕಿ ತೋರಿಸಬಾರದು. ಬೆಳಗಾಗುತ್ತಲೇ ಹೂ ತೆಗೆದುಬಿಡಬೇಕು, ತಡವಾದರೆ ಕಹಿ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಮಾರುಕಟ್ಟೆಯ ಮಾಲೆಯ ಹೂ ಕುಡಿಯುವುದಕ್ಕಲ್ಲ, ಅದಕ್ಕೆ ಯಾವ ಔಷಧಿ ಹೊಡೆದಿದ್ದಾರೋ ಹೇಳುವವರಿಲ್ಲ. ಮನೆಯ ಗಿಡದ್ದೇ ಆಗಬೇಕು. ಅದೇ ಬೇಲಿಯಲ್ಲಿ ಕಣಗಿಲೆಯೂ ಇರುತ್ತದೆ, ಗಂಟೆಯಂಥ ಹೂವಿನ ಹಳದಿ ಕಣಗಿಲೆಯೂ ಇರುತ್ತದೆ. ಎರಡೂ ಜೀವ ತೆಗೆಯುವ ವಿಷ. ಮಕ್ಕಳ ಕೈಗೆ ಬುಟ್ಟಿ ಕೊಡುವ ಮುಂಚೆ ಆ ಗಿಡಗಳನ್ನು ತೋರಿಸಿಕೊಡಿ.

ಇನ್ನು ನೊರೆ. ನಂಜನಗೂಡಿನ ಪೇಟೆಯಿಂದ ತಂದ ಗೋಲಿ ಸೋಡಾ ನೀರಿನ ಬಕೆಟ್ಟಿನಲ್ಲಿ ಮುಳುಗಿ ತಣ್ಣಗೆ ಕೂತಿದೆ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದ ಸೀಸೆ ಇದು. ಒಳಗಿನ ಗಾಳಿಯೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚಿಕೊಂಡಿರುತ್ತದೆ. ಹೆಬ್ಬೆರಳಿನಿಂದ ಒಂದು ಗುದ್ದು. ಚೀರಿದಂಥ ಸದ್ದು, ಗೋಲಿ ಕೊರಳಿಗೆ ಬಿದ್ದು ಕಿಣಿಕಿಣಿ. ಲೋಟದ ತಳಕ್ಕೆ ಕಾಲು ಭಾಗ ಕೆಂಪು ಪಾಕ, ಎರಡು ಚಮಚ ಮಲ್ಲಿಗೆ ನೀರು, ಆಮೇಲೆ ಲೋಟ ಓರೆ ಹಿಡಿದು ಅಂಚಿಗೆ ತಾಗುವಂತೆ ಸೋಡಾ. ಪಾಕ ಭಾರ, ಅದು ತಳದಲ್ಲೇ ನಿಲ್ಲುತ್ತದೆ. ಮೇಲೆ ಮೇಲೆ ಹೋದಂತೆ ಕೆಂಪು ತೆಳುವಾಗಿ ಗುಲಾಬಿ, ತುದಿಯಲ್ಲಿ ಬಿಳಿ ನೊರೆ. ಗುಳ್ಳೆ ಒಡೆದಾಗಲೆಲ್ಲ ಮಲ್ಲಿಗೆ ಮೂಗಿಗೆ ಬಡಿಯುತ್ತದೆ. ಸೋಡಾ ತಣ್ಣಗಿದ್ದಷ್ಟೂ ಗಾಳಿ ಅದರಲ್ಲಿ ನಿಲ್ಲುತ್ತದೆ, ಬೆಚ್ಚಗಿದ್ದರೆ ಸುರಿಯುವಾಗಲೇ ಎಲ್ಲ ಹಾರಿಹೋಗುತ್ತದೆ.

ಬೆಂಗಳೂರಿನ ಮನೆಯಲ್ಲಾಗಿದ್ದರೆ ಸೋಡಾದ ಜಾಗಕ್ಕೆ ಸ್ಪಾರ್ಕ್ಲಿಂಗ್ ವೈನ್ ಬರಬಹುದು. ಅದಕ್ಕೂ ಈ ಪಾಕ ಒಗ್ಗುತ್ತದೆ. ಸಿಹಿಯಿಲ್ಲದ ಬ್ರೂಟ್ ಆಗಬೇಕು, ಚೆನ್ನಾಗಿ ತಣ್ಣಗಿರಬೇಕು, ಪಾಕ ಎರಡು ಚಮಚ ಮೀರಬಾರದು. ಶಾಂಪೇನಿನಂಥ ವೈನ್ ಸೀಸೆಯೊಳಗೇ ಎರಡನೆಯ ಬಾರಿ ಹುದುಗುತ್ತದೆ. ಹೊರಹೋಗಲಾರದ ಗಾಳಿ ವೈನಿನಲ್ಲೇ ಕರಗಿ, ಒತ್ತಡ ಹೊರಗಿನ ಗಾಳಿಯ ಐದಾರು ಪಟ್ಟು ಏರುತ್ತದೆ. ಅದೂ ಇಂಗಾಲದ ಡೈ ಆಕ್ಸೈಡೇ, ಗೋಲಿಯ ಹಿಂದೆ ಕೂತಿರುವುದೂ ಅದೇ. ನಮ್ಮ ನಾಡಿನಲ್ಲಿ ವೈನಿಗೆಂದೇ ದ್ರಾಕ್ಷಿ ಬೆಳೆದ ಗ್ರೋವರ್ ತೋಟ 1988ರಲ್ಲಿ ಶುರುವಾದದ್ದು ನಂದಿಬೆಟ್ಟದ ತಪ್ಪಲಲ್ಲಿ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ತಂಗಿದ್ದದ್ದು ಅದೇ ಬೆಟ್ಟದ ಮೇಲೆ. ಬದನವಾಳಿನ ಖಾದಿ ಕೇಂದ್ರ ಹುಟ್ಟಿದ್ದೂ 1927ರಲ್ಲೇ.

ಈ ಊರಿನಲ್ಲಿ ಕೂತು ಲೋಟ ತುಂಬುವಾಗ ನಾನು ಗೋಲಿ ಸೋಡಾವನ್ನೇ ಆರಿಸಿಕೊಳ್ಳುತ್ತೇನೆ. ಗಾಂಧೀಜಿ 1941ರಲ್ಲಿ ಬರೆದ ರಚನಾತ್ಮಕ ಕಾರ್ಯಕ್ರಮದ ಪಟ್ಟಿಯಲ್ಲಿ ಮೊದಲು ಕೋಮು ಸೌಹಾರ್ದ, ಆಮೇಲೆ ಅಸ್ಪೃಶ್ಯತೆಯ ನಿವಾರಣೆ, ಮೂರನೆಯದು ಪಾನನಿಷೇಧ, ನಾಲ್ಕನೆಯದು ಖಾದಿ. ಇಲ್ಲಿನ ಖಾದಿ ಕೇಂದ್ರದ ಹೆಂಚಿನ ಮಾಡಿನ ಕೆಳಗೆ ಹೆಣ್ಣುಮಕ್ಕಳು ನೂತ ನೂಲು ಆ ಪಟ್ಟಿಗಿಂತಲೂ ಹಳೆಯದು. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹಕ್ಕೆ ಕೂತದ್ದು ಇದೇ ಅಂಗಳದಲ್ಲಿ. ಕೈಯಿಂದ ಮಾಡಿದ್ದನ್ನು ಬಳಸಿ ಎಂದು ಅವರು ಕೇಳಿಕೊಂಡದ್ದು ಬಟ್ಟೆಗೆ ಮಾತ್ರ ಸಲ್ಲುವ ಮಾತಲ್ಲ. ಬೇಲಿಯ ಹೂವಿಗೂ ಸಲ್ಲುತ್ತದೆ.

ಪಟ್ಟಿಯ ಎರಡನೆಯ ಮಾತು ಈ ಊರಿಗೆ ಬಹಳ ಭಾರವಾದದ್ದು. 1993ರಲ್ಲಿ ಇಲ್ಲಿ ದಲಿತರ ಕೊಲೆ ನಡೆಯಿತು. ದಲಿತರ ಕೇರಿಗೂ ಉಳಿದವರ ಕೇರಿಗೂ ನಡುವಿನ ದಾರಿಯಲ್ಲಿ ಓಡಾಟ ನಿಂತಿತು. 2022ರ ಅಕ್ಟೋಬರ್ 2ರಂದು, ಭಾರತ್ ಜೋಡೋ ಯಾತ್ರೆ ಊರಿಗೆ ಬಂದ ದಿನ, ಆ ದಾರಿ ಮತ್ತೆ ತೆರೆಯಿತು, ಎರಡೂ ಕಡೆಯವರು ಒಟ್ಟಿಗೆ ಕೂತು ಉಂಡರು. ಪಾನಕ ನಮ್ಮಲ್ಲಿ ಎಂದೂ ಒಬ್ಬರು ಮೂಲೆಯಲ್ಲಿ ಕೂತು ಕುಡಿಯುವಂಥದ್ದಲ್ಲ. ರಾಮನವಮಿಗೆ ಕೊಳದಪ್ಪಲೆ ತುಂಬ ಮಾಡಿ ಬೀದಿಗಿಟ್ಟು, ಹಾದುಹೋಗುವವರನ್ನು ಕೂಗಿ ಕರೆದು ಕೊಡುವುದು. ಈ ಕೆಂಪು ಪಾನಕವನ್ನೂ ಹಾಗೆಯೇ, ಕರೆದು ಕೊಡುವಷ್ಟು ಮಾಡಬೇಕು. ಯಾರ ಮನೆಯ ಬೇಲಿಯ ಹೂವಾದರೇನು, ಯಾರ ಕೈಯ ಲೋಟವಾದರೇನು.

ಪಾಕ ಫ್ರಿಜ್ಜಿನಲ್ಲಿ ನಾಲ್ಕು ದಿನ ಚೆನ್ನಾಗಿರುತ್ತದೆ. ಹೊರಗಿಟ್ಟರೆ ಹುದುಗೆದ್ದು ತಾನೇ ಗುಳ್ಳೆ ಎಬ್ಬಿಸುತ್ತದೆ. ಅದನ್ನು ಗಾಜಿನ ಸೀಸೆಯಲ್ಲಿ ಬಿಗಿದು ಮುಚ್ಚಿಡಬೇಡಿ, ಸೀಸೆ ಸಿಡಿಯುತ್ತದೆ. ಸೋಸಿ ಉಳಿದ ಬಿಳಿಚಿದ ಎಸಳನ್ನೂ ಎಸೆಯಬೇಕಿಲ್ಲ. ನಾಲ್ಕು ದಾಸವಾಳದ ಎಲೆ ಸೇರಿಸಿ ಅರೆದರೆ ತಲೆಗೆ ಹಚ್ಚಲು ಆಗುತ್ತದೆ.